ಐದು ಜೆರಾಕ್ಸ್

ಕ್ಯಾಂಡಿಯಿಂದ ಯಾರೋ ಬರ್ತಾರಂತೆ ಅಂದಾಗಲೇ
ನಮ್ಮ ಮಾವ ಬೀರುವಿನ ಬೀಗ ಎರಡು ಸಲ ಎಳೆದು ನೋಡಿದರು.
ಪಿಳ್ಳಪ್ಪನ ಮರಿಮಗಳಂತೆ.
ಪಿಳ್ಳಪ್ಪ ಅಂದರೆ ಮಾವನ ತಾತನ ತಮ್ಮ,
ಲಾಲ್‌ಬಾಗಿನಲ್ಲಿ ಕಸಿ ಕಟ್ಟುತ್ತಿದ್ದವನು.
ಯಾವನೋ ದೊರೆ ಸಿಂಹಳಕ್ಕೆ ಗುಲಾಬಿ ಸಾಗಿಸುವಾಗ
ಗಿಡಗಳ ಜೊತೆ ಇವನನ್ನೂ ಹಡಗಿಗೆ ಹತ್ತಿಸಿದ.
ದಾರಿಯಲ್ಲಿ ನೀರು ಹಾಕೋಕೆ ಒಬ್ಬ ಬೇಕಲ್ಲ.
ಗಿಡ ಬದುಕಿದವೋ ಇಲ್ಲವೋ,
ನೀರು ಹಾಕಿದವನು ಅಲ್ಲೇ ಬೇರುಬಿಟ್ಟ.

ಬಂದವಳ ಹೆಸರು ನಿಲ್ಮಿಣಿ. ಐವತ್ತರ ಆಸುಪಾಸು.
ಸಿದ್ದಾಪುರದ ನರ್ಸರಿ ಸಾಲಿನಲ್ಲಿ ಆಟೋ ಇಳಿದು
ದಾಸವಾಳದ ಚೀಲಗಳ ನಡುವೆ ಕಾಲಿಡಲು ಜಾಗ ಹುಡುಕುತ್ತ
ನಮ್ಮ ಬೋರ್ಡು ಓದಲಾರದೆ ನಿಂತಿದ್ದಳು.
ಕೈಯಲ್ಲಿ ಟೀ ಡಬ್ಬಿ, ಒಂದು ಕಟ್ಟು ಚಕ್ಕೆ.
ಅವಳದೊಂದು ತಮಿಳು, ನಮ್ಮ ಮನೆಯೊಳಗಿನದೊಂದು ತಮಿಳು,
ಎರಡೂ ಸೇರಿದರೂ ಒಂದು ಮಾತು ಪೂರ್ತಿಯಾಗುತ್ತಿರಲಿಲ್ಲ.
ಅವಳಿಗೆ ಗೊತ್ತಿದ್ದ ಕನ್ನಡ ಒಂದೇ ಪದ: ದಂಟು.
ಅವರ ಮನೆಯಲ್ಲಿ ಯಾವ ಸೊಪ್ಪು ತಂದರೂ ದಂಟೇ ಅಂತೆ.

ಹಿತಕಿದವರೆ ಸಾರು, ಮುದ್ದೆ.
ಅವಳು ಅಗಿದಳು.
ಅಗೀಬೇಡಮ್ಮಾ ನುಂಗು ಅಂತ ಮಾವ
ತಮ್ಮ ಗಂಟಲು ಮುಟ್ಟಿ ತೋರಿಸಿದರು,
ಆದರೂ ಬೀಗದಕೈ ಉಡಿದಾರದಲ್ಲೇ ಇತ್ತು.

ಊಟವಾದ ಮೇಲೆ ಚೀಲದಿಂದ ಕಾಗದವೊಂದು ತೆಗೆದಳು.
ಮಜ್ಜಿಗೆ ಬಗ್ಗಿಸುತ್ತಿದ್ದ ಮಾವನ ಕೈ ನಿಂತಿತು.
'ಸೈನು ಗೀನು ನಾನು ಹಾಕಲ್ಲ,'
ನನ್ನ ಮುಖ ನೋಡಿಕೊಂಡು ಹೇಳಿದರು ಅವಳಿಗೆ.

ಟೀ ತೋಟದ ಲೆಕ್ಕದ ಹಾಳೆಯ ಬೆನ್ನಿಗೆ
ಪಿಳ್ಳಪ್ಪ ಸೀಸದಕಡ್ಡಿಯಲ್ಲಿ ಬರೆದ ಮನೆ.
ಬಾವಿ. ಬಾವಿಕಟ್ಟೆಯ ಮೇಲೆ ಸುತ್ತಿಟ್ಟ ಹಗ್ಗ.
ಎಡಕ್ಕೆ ಹಲಸು. ಕಲ್ಲುಬಾನಿ. ಎರಡು ಕೋಳಿ.
ಬಾಗಿಲು ಮಾತ್ರ ಮನೆಗಿಂತ ದೊಡ್ಡದು.

ಎಂಬತ್ತೆಂಟರ ಅಕ್ಕಯ್ಯಮ್ಮ ಕನ್ನಡಕ ಏರಿಸಿ
'ಬಾನಿ ಇಲ್ಲಿರಲಿಲ್ಲ, ಆ ಕಡೆ ಇತ್ತು,
ಇವನಿಗೇನು ಗೊತ್ತು, ಬಿಟ್ಟು ಹೋದೋನು' ಅಂದರು.
ಮಾವನಿಗೆ ಬಾನಿ ಕಾಣಲಿಲ್ಲ, ಕೋಳಿ ಕಾಣಲಿಲ್ಲ.
ಬಾವಿಗೂ ಹಲಸಿಗೂ ನಡುವಿನ ಜಾಗ ಕಂಡಿತು,
ಅಂದರೆ ಈಗ ಚಿಕ್ಕಪ್ಪನ ಗೋಡೆ ಇರುವಲ್ಲಿ
ಆಗ ಗೋಡೆ ಇರಲಿಲ್ಲವೆಂಬುದು ಕಂಡಿತು.
ಹತ್ತೊಂಬತ್ತು ವರ್ಷದ ಕೇಸು.
ಚಪ್ಪಲಿ ಮೆಟ್ಟದೆ ಓಡಿದರು ಜೆರಾಕ್ಸ್ ಅಂಗಡಿಗೆ.

ಅಷ್ಟರಲ್ಲಿ ನಾನು ಅವಳನ್ನು ಹಿತ್ತಲಿಗೆ ಕರೆದೊಯ್ದೆ.
ಬಾವಿಗೆ ಚಪ್ಪಡಿ ಮುಚ್ಚಿದೆ, ಮೇಲೆ ಎರೆಗೊಬ್ಬರದ ಮೂಟೆ.
ಬಗ್ಗಿ, ಗೆಣ್ಣಿನಿಂದ ಚಪ್ಪಡಿ ತಟ್ಟಿದಳು,
ಹಲಸಿನಹಣ್ಣು ಮಾಗಿದೆಯೇ ಅಂತ ತಟ್ಟುತ್ತಾರಲ್ಲ, ಹಾಗೆ.
ಇನ್ನೊಮ್ಮೆ ತಟ್ಟಿದಳು.
ಗೋಡೆಯ ಮೇಲೆ ಚಿಕ್ಕಪ್ಪನ ಸೊಸೆಯ ತಲೆ ಮೂಡಿತು,
ನಾನು ಮದುವೆಯಾಗಿ ಬಂದಾಗಿನಿಂದ ಮಾತಾಡದ ತಲೆ.
'ಯಾರ್ರೀ ಅವ್ರು?'
'ನೆಂಟರು.'
'ಯಾರ ಕಡೆ?'
ಕೈಯಲ್ಲಿದ್ದ ನೀರಿನ ಪೈಪು ಹರಿಯುತ್ತಲೇ ಇತ್ತು.
ಉತ್ತರ ಹೊಳೆಯಲಿಲ್ಲ. ಅವಳೇ ಒಳಗೆ ಹೋಗಿ
ಒಂದು ಸೀಬೆಹಣ್ಣು ತಂದು ಗೋಡೆಯ ಮೇಲಿಟ್ಟು ಹೋದಳು.

ಐದು ಪ್ರತಿ. ಲಾಯರಿಗೆ, ಕೋರ್ಟಿಗೆ,
ಉಳಿದವು ಇರಲಿ ಅಂತ.
ಜೆರಾಕ್ಸಿನಲ್ಲಿ ಹಲಸಿನಮರ ಶಾಯಿ ಚೆಲ್ಲಿದಂತೆ ಕಪ್ಪಗಿತ್ತು.
ಮಾವನ ಮುಖ ಈಗ ಹಬ್ಬ.
ಅವಳಿಗೆ ರವಿಕೆಬಟ್ಟೆ, ಎಲೆಅಡಿಕೆ, ತೆಂಗಿನಕಾಯಿ,
ಮಡಿಸಿದ ಕಾಗದವನ್ನು ತಾವೇ ಅವಳ ಚೀಲಕ್ಕಿಟ್ಟು
'ಮತ್ತೆ ಬಾಮ್ಮಾ, ಇದು ನಿನ್ನ ಮನೇನೇ' ಅಂದರು.

ಆಟೋ ತನಕ ನಾನು ಹೋದೆ.
ಕೂತವಳು ಕಾಗದ ಬಿಚ್ಚಿದಳು.
ಹೆಬ್ಬೆರಳಿನಿಂದ ಹಲಸಿನಮರವನ್ನು ಉಜ್ಜಿ
ಬೆರಳು ನೋಡಿಕೊಂಡಳು.
ಸೀಸದ ಪುಡಿ ಅಂಟಿರಲಿಲ್ಲ.
ನನ್ನನ್ನು ನೋಡಿದಳು. ನಾನು ಚಪ್ಪಲಿ ನೋಡಿಕೊಂಡೆ.
'ದಂಟು,' ಅಂದಳು, ನಕ್ಕು,
ಬೇರೆ ಪದವಿರಲಿಲ್ಲ ಅವಳ ಹತ್ತಿರ.
ಮೀಟರ್ ಮೇಲೆ ಇಪ್ಪತ್ತು ಅಂದ ಆಟೋದವನು.